ಬರೆದು ಮುಗಿಯುವ ಮೊದಲೇ ಓದಿದರೆ

ಭತ್ತದ ಸುಗ್ಗಿ. ಗಂಗಾವತಿಯ ಒಂದು ರೈಸ್ ಮಿಲ್ಲಿನ ವೇಬ್ರಿಡ್ಜ್ ಮುಂದೆ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿವೆ ಅಂದುಕೊಳ್ಳಿ. ಗಾಡಿಯ ತೂಕವನ್ನು ಪ್ರೋಗ್ರಾಂ ಒಂದು ಫೈಲಿಗೆ ಬರೆಯುತ್ತದೆ. ಅದೇ ಫೈಲನ್ನು ಓದಿ ಚೀಟಿ ಪ್ರಿಂಟ್ ಮಾಡುತ್ತದೆ. ಗಾಡಿ ಕಡಿಮೆ ಇದ್ದಾಗ ಎಲ್ಲ ಸರಿ. ರಶ್ ಆದಾಗ ಮಾತ್ರ ಒಂದೊಂದು ಚೀಟಿಯಲ್ಲಿ ತೂಕವೇ ಇರುವುದಿಲ್ಲ.

3 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಒಂದು ಕೆಲಸಕ್ಕೆ 10 ಮಿಲಿಸೆಕೆಂಡ್ ತೆಗೆದುಕೊಂಡರೆ, ಅಷ್ಟರಲ್ಲಿ 3 ಕೋಟಿ ಮಿಡಿತ ಕಳೆದಿರುತ್ತದೆ. ಅಷ್ಟು ಹೊತ್ತು ಸುಮ್ನೆ ಕೂರುವುದು ದಂಡ, ಅಲ್ವಾ? ಅದಕ್ಕೇ 2009ರಲ್ಲಿ ಬಂದ, ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಪ್ರೋಗ್ರಾಮುಗಳನ್ನು ಓಡಿಸುವ ನೋಡ್.ಜೆಎಸ್‌ನಂಥ ವ್ಯವಸ್ಥೆಗಳು ಡಿಸ್ಕಿಗೆ ಕೆಲಸ ಒಪ್ಪಿಸಿ, ಅದು ಮುಗಿಯುವ ಮೊದಲೇ ಪ್ರೋಗ್ರಾಮಿನ ಮುಂದಿನ ಸಾಲಿಗೆ ಹೋಗುತ್ತವೆ. ಇದು ಒಳ್ಳೆಯ ಉಪಾಯವೇ. ಆದರೆ ಸಾಮಾನ್ಯವಾಗಿ ಬರೆಯಲು ತೆರೆದ ಕೂಡಲೇ ಫೈಲಿನ ಹಳೆಯ ಮಾಹಿತಿ ಅಳಿಯುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ. ಆ ಸಂದಿಯಲ್ಲಿ ಓದಿದರೆ ಸಿಗುವುದು ಖಾಲಿ ಫೈಲ್.

ಹುಡುಕಲು ಹೋದರೆ ಈ ದೋಷ ಮಾಯವಾಗುತ್ತದೆ. ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ನೋಡಿದರೆ, ಆ ಬಿಡುವಿನಲ್ಲೇ ಡಿಸ್ಕ್ ತನ್ನ ಕೆಲಸ ಮುಗಿಸಿಬಿಡುತ್ತದೆ. ಆಗ ಹಲವರು ಓದುವ ಮೊದಲು 'ಅರ್ಧ ಸೆಕೆಂಡ್ ಕಾಯಿ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಇದು ಸುತಾರಾಂ ಒಪ್ಪಿಗೆಯಿಲ್ಲ. ಹೊಸ, ವೇಗದ ಡಿಸ್ಕಾದ ಎಸ್‌ಎಸ್‌ಡಿಯಲ್ಲಿ ನಡೆದದ್ದು, ಆಂಟಿವೈರಸ್ ಓಡುತ್ತಿರುವ ಹಳೆಯ ಕಂಪ್ಯೂಟರಿನಲ್ಲಿ ಕೈಕೊಡುತ್ತದೆ. ನಷ್ಟ ಆಗುವುದು ತೂಕಕ್ಕಾಗಿ ನಿಂತ ರೈತನಿಗೆ.

ಎಷ್ಟು ಹೊತ್ತು ಕಾಯಬೇಕು ಎಂದಲ್ಲ, ಯಾವ ಕೆಲಸ ಮುಗಿಯುವವರೆಗೆ ಕಾಯಬೇಕು ಎಂದು ಕೇಳಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಇದನ್ನು ಹೇಳಲು 2017ರಿಂದ 'ಅವೇಟ್' (ಇದು ಮುಗಿಯುವವರೆಗೆ ಕಾಯಿ) ಎಂಬ ಪದ ಇದೆ. ಅಲ್ಲೂ ಒಂದು ಗುಂಡಿ ಇದೆ: ಪಟ್ಟಿಯಲ್ಲಿರುವ ಒಂದೊಂದಕ್ಕೂ ಅದೇ ಕೆಲಸ ಮಾಡಿಸುವ 'ಫಾರ್‌ಈಚ್' ಒಳಗೆ ಅವೇಟ್ ಹಾಕಿದರೂ ಫಾರ್‌ಈಚ್ ಯಾರಿಗೂ ಕಾಯುವುದಿಲ್ಲ. ಅದೇ ಕೆಲಸಕ್ಕೆ 'ಫಾರ್-ಆಫ್' ಬಳಸಿದರೆ ಕಾಯುತ್ತದೆ.

ಬರೆಯುವುದು ಒಂದು ಪ್ರೋಗ್ರಾಂ, ಓದುವುದು ಇನ್ನೊಂದು ಆದರೆ ಅವೇಟ್ ಸಾಲದು. ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಮೊದಲು ಬೇರೆ ಹೆಸರಿನ ಫೈಲಿಗೆ ಪೂರ್ತಿ ಬರೆದು, ಆಮೇಲೆ ಅಸಲಿ ಹೆಸರಿಗೆ ಬದಲಿಸಬೇಕು. ಎರಡೂ ಡಿಸ್ಕಿನ ಒಂದೇ ಭಾಗದಲ್ಲಿ, ಅಂದರೆ ಒಂದೇ ಫೈಲ್ ಸಿಸ್ಟಮ್‌ನಲ್ಲಿದ್ದರೆ ಓದುವವರಿಗೆ ಪೂರ್ತಿ ಹಳೆಯದು ಸಿಗುತ್ತದೆ, ಇಲ್ಲವೇ ಪೂರ್ತಿ ಹೊಸದು. ಅರ್ಧಂಬರ್ಧ ಸಿಗುವುದಿಲ್ಲ.

ದೋಷ ಕೈಗೆ ಸಿಗುತ್ತಲೇ ಇಲ್ಲವೇ? ಫೈಲ್ ತೆರೆದ ಮೇಲೆ, ಬರೆಯುವ ಮೊದಲು, ಬೇಕೆಂದೇ ಎರಡು ಸೆಕೆಂಡ್ ತಡ ಮಾಡಿ. ಈಗ ಚೀಟಿ ಪ್ರತಿ ಸಲವೂ ತಪ್ಪಾಗಿ ಬರುತ್ತದೆ. ಅವೇಟ್ ಸೇರಿಸಿ, ಆ ತಡವನ್ನು ಹಾಗೇ ಇಟ್ಟು ಓಡಿಸಿ. ತೂಕ ಸರಿಯಾಗಿ ಬಂತೆಂದರೆ ತಡವನ್ನು ತೆಗೆದುಹಾಕಬಹುದು.