ಉಬ್ಬುಗೆರೆ, ತಗ್ಗುಗೆರೆ

ಪಿಯುಸಿ ಪರೀಕ್ಷೆ ಮುಗಿಸಿಕೊಂಡು ಬಂದಿದ್ದ ಅಕ್ಕನ ಮಗ ಒಂದು ಹಳೆಯ ರಟ್ಟಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟ. ಒಳಗೆ 1/72 ಅಳತೆಯ ಸ್ಪಿಟ್‌ಫೈರ್ ವಿಮಾನದ ಪ್ಲಾಸ್ಟಿಕ್ ಮಾದರಿಯ ಬಿಡಿಭಾಗಗಳು. ಅವನಪ್ಪ ಯಾವ ಕಾಲದಲ್ಲೋ ಕೊಂಡು, ಕಟ್ಟದೆ ಅಟ್ಟಕ್ಕೆ ಹಾಕಿದ್ದು.

"ಮಾವ, ಇದು ಡೂಪ್ಲಿಕೇಟಾ?"

"ಯಾಕೋ?"

"ರೆಕ್ಕೆ ಮೇಲಿನ ಗೆರೆ ಎಲ್ಲಾ ಉಬ್ಬಿಕೊಂಡಿವೆ ನೋಡಿ. ನನ್ನ ಹೊಸ ಕಿಟ್‌ನಲ್ಲಿ ಗೆರೆ ಒಳಗೆ ಕೊರೆದಿದ್ದಾರೆ."

ನಾನು ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡ್ ಮಾಡುವವನು. ಬಕೆಟ್ಟಿನ ಹಿಡಿ, ಸ್ವಿಚ್‌ಬೋರ್ಡಿನ ಮುಚ್ಚಳ, ಮಿಕ್ಸಿಯ ಬುಡ, ಇವೇ ನನ್ನ ಅನ್ನ. ರಾತ್ರಿ ಊಟವಾದ ಮೇಲೆ ಮಾಡೆಲ್ ಕಟ್ಟುತ್ತೇನೆ. ಹಗಲು ಅಚ್ಚು ಮಾಡುವವನು ರಾತ್ರಿ ಅಚ್ಚಿನ ಗುರುತು ಅಳಿಸುತ್ತಾ ಕೂರುವುದನ್ನು ನೋಡಿ ಮನೆಯವರು ನಗುತ್ತಾರೆ. ಆದರೆ ಈ ಹವ್ಯಾಸದ ಮುಕ್ಕಾಲು ಪಾಲು ಅದೇ. ಡಬ್ಬಿಯೊಳಗೆ ಬರುವುದು ವಿಮಾನದ ಚೂರುಗಳಲ್ಲ, ಒಂದು ಉಕ್ಕಿನ ಅಚ್ಚು ಬಿಟ್ಟುಹೋದ ಗುರುತುಗಳು. ಅವು ಯಾಕೆ ಬಂದವೆಂದು ತಿಳಿದರೆ ಯಾವುದನ್ನು ತೀಡಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬುದೂ ತಿಳಿಯುತ್ತದೆ.

ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಹೊಯ್ದವರಿಗೆ ನನ್ನ ಕೆಲಸ ಅರ್ಧ ಗೊತ್ತಿದೆ ಎಂದೇ ಲೆಕ್ಕ. ಮರದ ಅಚ್ಚಿನ ಹೋಳುಗಳನ್ನು ನೀರಲ್ಲಿ ನೆನೆಸಿ, ಜೋಡಿಸಿ, ಬಿಗಿಯಾಗಿ ದಾರ ಸುತ್ತಿ, ಪಾಕ ಹೊಯ್ಯುತ್ತಾರೆ. ನೆನೆಸುವುದು ಸಕ್ಕರೆ ಕಚ್ಚಿಕೊಳ್ಳಬಾರದೆಂದು. ಹೋಳುಗಳು ಸರಿಯಾಗಿ ಕೂರದಿದ್ದರೆ ಸಂದಿನಲ್ಲಿ ಪಾಕ ಜಿನುಗಿ, ಆನೆಯ ಬೆನ್ನುದ್ದಕ್ಕೂ ತೆಳ್ಳನೆಯ ಪೊರೆಯೊಂದು ಗಟ್ಟಿಯಾಗುತ್ತದೆ. ಅಮ್ಮ ಅದನ್ನು ಚಾಕುವಿನಲ್ಲಿ ಹೆರೆಯುತ್ತಿದ್ದರು, ಉದುರುವ ಪುಡಿಗೆ ನಾವು ಕೈಯೊಡ್ಡಿಕೊಂಡು ಕೂತಿರುತ್ತಿದ್ದೆವು. ಆ ಪೊರೆಗೆ ಟೂಲ್‌ರೂಮಿನಲ್ಲಿ ಫ್ಲ್ಯಾಶ್ ಎನ್ನುತ್ತೇವೆ, ಹೋಳುಗಳು ಕೂಡುವ ಜಾಗಕ್ಕೆ ಪಾರ್ಟಿಂಗ್ ಲೈನ್. ನಮ್ಮ ಅಚ್ಚು ಉಕ್ಕಿನದು, ಪಾಕದ ಬದಲು 200 ಡಿಗ್ರಿಗೂ ಮೀರಿ ಕಾದ ಪಾಲಿಸ್ಟೈರೀನ್ ಪ್ಲಾಸ್ಟಿಕ್, ಹೊಯ್ಯುವ ಬದಲು ಯಂತ್ರದ ಸ್ಕ್ರೂ ನೂಕುತ್ತದೆ. ಉಳಿದದ್ದೆಲ್ಲ ಒಂದೇ.

ಈಗ ಆ ಸಕ್ಕರೆ ಆನೆಯ ಕಣ್ಣು ನೆನಪಿಸಿಕೊಳ್ಳಿ. ಅದು ಉಬ್ಬಿರುತ್ತದೆ. ಯಾಕೆಂದರೆ ಬಡಗಿ ಅಚ್ಚಿನಲ್ಲಿ ಅಲ್ಲೊಂದು ಕುಳಿ ತೋಡಿದ್ದಾನೆ, ಉಳಿಯ ಒಂದೇ ಏಟಿನ ಕೆಲಸ. ಆನೆಯ ಕಣ್ಣು ಒಳಗೆ ಕುಳಿಬೀಳಬೇಕು ಎಂದಿದ್ದರೆ ಅಚ್ಚಿನಲ್ಲಿ ಆ ಜಾಗದಲ್ಲೊಂದು ಸಣ್ಣ ಮೊಳಕೆ ಎದ್ದು ನಿಲ್ಲಬೇಕು. ಅದನ್ನು ಉಳಿಸಿಕೊಳ್ಳಲು ಸುತ್ತಲಿನ ಮರವನ್ನೆಲ್ಲ ಕೆತ್ತಿ ತೆಗೆಯಬೇಕು. ವಿಮಾನದ ರೆಕ್ಕೆಯ ಮೇಲೆ ತಗಡುಗಳು ಕೂಡುವ ಸಂದನ್ನು ತೋರಿಸುವ ಗೆರೆಗೂ ಇದೇ ಮಾತು. ಉಕ್ಕಿನಲ್ಲಿ ಗೀರೆಳೆದರೆ ಪ್ಲಾಸ್ಟಿಕ್ಕಿನಲ್ಲಿ ಉಬ್ಬುಗೆರೆ. ತಗ್ಗುಗೆರೆ ಬೇಕಾದರೆ ಉಕ್ಕಿನ ಮೇಲೆ ಕೂದಲಿನಷ್ಟು ತೆಳ್ಳನೆಯ ಏಣು ನಿಲ್ಲಬೇಕು. ಕೈಯಲ್ಲಿ ಗೀರುತ್ತಿದ್ದ ಕಾಲಕ್ಕೆ ಹೆಚ್ಚಿನವರು ಸುಲಭದ ದಾರಿ ಹಿಡಿದರು. ಆಮೇಲೆ ತಾಮ್ರದ ಎಲೆಕ್ಟ್ರೋಡಿನಲ್ಲಿ ಗೆರೆ ಕೊರೆದು, ಕಿಡಿ ಹಾರಿಸಿ ಉಕ್ಕನ್ನು ಸವೆಸುವ ಸ್ಪಾರ್ಕ್ ಯಂತ್ರಗಳು ಬಂದವು. ಅದರ ಹಿಂದೆ ಕಂಪ್ಯೂಟರ್ ವಿನ್ಯಾಸ ಬಂತು. ತಗ್ಗುಗೆರೆ ಮಾಮೂಲಾಯಿತು.

ಹುಡುಗನಿಗೆ ಇಷ್ಟನ್ನೂ ಹೇಳಿ, "ಡೂಪ್ಲಿಕೇಟ್ ಅಲ್ಲ ಕಣೋ, ಹಳೇ ಅಚ್ಚು" ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. "ಹಾಗಾದ್ರೆ ತಗ್ಗುಗೆರೆನೇ ಸರಿ ತಾನೆ?"

ಇಲ್ಲಿ ಒಂದು ಸಣ್ಣ ಗುಣಾಕಾರ ಮಾಡಬೇಕು. ಕಿಟ್ಟಿನ ರೆಕ್ಕೆಯ ಮೇಲಿನ ಗೆರೆ 0.15 ಮಿಲಿಮೀಟರ್ ಅಗಲ ಎಂದುಕೊಳ್ಳಿ. 72ರಿಂದ ಗುಣಿಸಿದರೆ ನಿಜವಾದ ವಿಮಾನದಲ್ಲಿ ಅದು ಸುಮಾರು 11 ಮಿಲಿಮೀಟರ್. ಕಿರುಬೆರಳು ತೂರಿಸುವಂಥ ಸಂದು ಇಟ್ಟುಕೊಂಡು ಯಾವ ವಿಮಾನ ಹಾರೀತು? ರೆಕ್ಕೆಯ ಹಿಂದಂಚು ಅರ್ಧ ಮಿಲಿಮೀಟರ್ ದಪ್ಪವಿದ್ದರೆ ನಿಜದಲ್ಲಿ 36 ಮಿಲಿಮೀಟರ್, ಬಾಗಿಲಿನ ಹಲಗೆಯಷ್ಟು. ಅಂಚನ್ನು ಇನ್ನೂ ತೆಳುಮಾಡೋಣವೆಂದರೆ ಪ್ಲಾಸ್ಟಿಕ್ ತುದಿಗೆ ಹರಿಯುವ ಮೊದಲೇ ತಣ್ಣಗಾಗಿ ನಿಂತುಬಿಡುತ್ತದೆ. ಅದು ಶಾರ್ಟ್ ಶಾಟ್, ಅಂಥ ಮಾಲು ತಿಪ್ಪೆಗೆ. ಹಾಗಾಗಿ ಉಬ್ಬೂ ಸುಳ್ಳು, ತಗ್ಗೂ ಸುಳ್ಳು. ತಗ್ಗುಗೆರೆಗೆ ಬಣ್ಣದ ತೆಳುನೀರು ಬಿಟ್ಟರೆ ನೆರಳಿನಂತೆ ಕಾಣುತ್ತದೆ, ಸಂದು ತೀಡುವಾಗ ಉಬ್ಬುಗೆರೆಯಂತೆ ಅಳಿಸಿಹೋಗುವುದಿಲ್ಲ. ಅದರ ಮೇಲುಗೈ ಅಷ್ಟೇ.

ಈ 72 ಎಂಬ ಸಂಖ್ಯೆಯಲ್ಲೂ ಗೂಢವೇನಿಲ್ಲ. ಆರಡಿ ಎಂದರೆ 72 ಇಂಚು, ಆರಡಿಯ ಮನುಷ್ಯ ಒಂದಿಂಚಿಗೆ ಇಳಿಯುತ್ತಾನೆ. ಇಂಗ್ಲೆಂಡಿನಲ್ಲಿ 1936ರಲ್ಲೇ ಫ್ರಾಗ್ ಪೆಂಗ್ವಿನ್ ಎಂಬ ಹೆಸರಲ್ಲಿ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಕಿಟ್‌ಗಳು ಈ ಅಳತೆಯಲ್ಲಿ ಬಂದಿದ್ದವು. 1942ರಲ್ಲಿ ಅಮೆರಿಕದ ನೌಕಾಪಡೆ ವಿಮಾನ ಗುರುತಿಸುವ ತರಬೇತಿಗೆಂದು ಶಾಲಾಮಕ್ಕಳಿಂದ 5 ಲಕ್ಷ ಮರದ ಮಾದರಿಗಳನ್ನು ಕೇಳಿತು, ಅವೂ 1/72. ಶತ್ರುವಿನದೋ ನಮ್ಮದೋ ಎಂದು ಆಕಾಶದ ಕಡೆಗೆ ಎತ್ತಿ ಹಿಡಿದು ನೋಡುವ ಕಪ್ಪು ಗೊಂಬೆಗಳು.

ಯುದ್ಧ ಮುಗಿದ ಮೇಲೆ ಏರ್‌ಫಿಕ್ಸ್‌ನ ಸರದಿ. 1939ರಲ್ಲಿ ಹಂಗೇರಿ ಮೂಲದ ನಿಕೊಲಸ್ ಕೋವ್ ಲಂಡನ್ನಿನಲ್ಲಿ ಶುರುಮಾಡಿದ ಕಂಪನಿ. 1949ರಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಪುಟ್ಟ ಮಾದರಿ ಮಾಡಿಕೊಡುವ ಕೆಲಸ ಸಿಕ್ಕಿತು, ಮಾರಾಟದವರು ಗಿರಾಕಿಗೆ ತೋರಿಸಲು. ಜೋಡಿಸುವ ಕೂಲಿಯೇ ಭಾರವಾಗಿ, ಜೋಡಿಸದೆ ಬಿಡಿಬಿಡಿಯಾಗಿಯೇ ಮಾರಿದರು. ಕೂಲಿ ಉಳಿಸುವ ಲೆಕ್ಕ ಒಂದು ಹವ್ಯಾಸಕ್ಕೆ ಬುನಾದಿಯಾದದ್ದು ನನ್ನಂಥ ಕಾರ್ಖಾನೆಯವನಿಗೆ ಬಲು ಇಷ್ಟದ ಕತೆ. 1950ರ ದಶಕದಲ್ಲಿ ಗೋಲ್ಡನ್ ಹೈಂಡ್ ಹಡಗಿನ ಕಿಟ್ ಪ್ಲಾಸ್ಟಿಕ್ ಚೀಲದಲ್ಲಿ ವುಲ್‌ವರ್ತ್ ಅಂಗಡಿಗಳಿಗೆ ಬಂತು, ಅದರ ಹಿಂದೆ ಸ್ಪಿಟ್‌ಫೈರ್.

ಜಪಾನಿನಲ್ಲಿ ಕತೆ ಬೇರೆ ಕಡೆಯಿಂದ ಬಂತು. ಶಿಜುವೊಕಾ ಮರಗೆಲಸದ ಊರು. ಅಲ್ಲಿನ ತಾಮಿಯಾ ಮೊದಲು ಮರದ ವ್ಯಾಪಾರ, ಆಮೇಲೆ ಮರದ ಮಾದರಿ, 1960ರಲ್ಲಿ ಪ್ಲಾಸ್ಟಿಕ್ಕಿನ ಯಮಾಟೊ ಯುದ್ಧನೌಕೆ. ಅದಾದ ಬಳಿಕ ಬಂದ ಪ್ಯಾಂಥರ್ ಟ್ಯಾಂಕಿನ ಹೊಟ್ಟೆಯಲ್ಲಿ ಮೋಟರು, ಬ್ಯಾಟರಿ ಹಿಡಿಯಬೇಕಿತ್ತು. ಅಳೆದು ನೋಡಿದರೆ ಹೆಚ್ಚುಕಡಿಮೆ 1/35 ಆಗಿತ್ತು. ಇವತ್ತು ಜಗತ್ತಿನ ಬಹುಪಾಲು ಟ್ಯಾಂಕ್ ಮಾದರಿಗಳಿಗೆ ಅದೇ ಅಳತೆ. ಬ್ಯಾಟರಿ ಹೋಯಿತು, ಅಳತೆ ಉಳಿಯಿತು.

ಮತ್ತೆ ಮೇಜಿಗೆ ಬರೋಣ. ವಿಮಾನದ ಒಡಲು ಯಾಕೆ ಎಡ ಬಲ ಎರಡು ಹೋಳಾಗಿ ಬರುತ್ತದೆ? ಅಚ್ಚು ತೆರೆದಾಗ ಭಾಗ ನೇರವಾಗಿ ಹೊರಬರಬೇಕು, ಎಲ್ಲೂ ಸಿಕ್ಕಿಕೊಳ್ಳಬಾರದು. ಅದಕ್ಕೇ ಬೆನ್ನಿಗೂ ಹೊಟ್ಟೆಗೂ ಒಂದೊಂದು ಹೊಲಿಗೆ ಬೀಳುತ್ತದೆ. ಕೆಳರೆಕ್ಕೆ ಎಡದಿಂದ ಬಲದವರೆಗೆ ಒಂದೇ ತುಂಡಾಗಿ ಬಂದಿದ್ದರೆ ಅಚ್ಚು ಮಾಡಿದವನಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹೇಳಿ. ರೆಕ್ಕೆ ಎಷ್ಟು ಮೇಲಕ್ಕೆ ಬಾಗಬೇಕೆಂಬ ಕೋನವನ್ನು ಅವನೇ ಕಾದುಕೊಟ್ಟಿದ್ದಾನೆ. ಒಳಭಾಗದಲ್ಲಿ ಕಾಣುವ ದುಂಡು ಗುರುತುಗಳು ಎಜೆಕ್ಟರ್ ಪಿನ್ನಿನವು, ಇಡ್ಲಿಯನ್ನು ತಟ್ಟೆಯಿಂದ ಎಬ್ಬಿಸುವ ಚಮಚದ ಗುರುತಿದ್ದಂತೆ. ಹೊರಗೆ ಕಾಣದ ಕಡೆ ಅವನ್ನು ಬಚ್ಚಿಡುವುದೇ ನಮ್ಮ ಜಾಣತನ. ದಪ್ಪವಿರುವ ಕಡೆ ಮೇಲ್ಮೈ ಕುಸಿದಿದ್ದರೆ ಅದು ಸಿಂಕ್ ಮಾರ್ಕ್. ಹೊರಗಿನ ಪದರ ಮೊದಲು ಗಟ್ಟಿಯಾಗಿ, ಒಳಗಿನದು ನಿಧಾನವಾಗಿ ತಣಿಯುತ್ತಾ ಕುಗ್ಗಿ ಅದನ್ನು ಒಳಕ್ಕೆಳೆಯುತ್ತದೆ. ಪುಟ್ಟಿ ತುಂಬಿ ತೀಡಬೇಕು, ಬೇರೆ ದಾರಿಯಿಲ್ಲ.

ಭಾಗಗಳು ಅಂಟಿಕೊಂಡಿರುವ ಚೌಕಟ್ಟಿಗೆ ಹವ್ಯಾಸಿಗಳು ಸ್ಪ್ರೂ ಎನ್ನುತ್ತಾರೆ. ನಮಗೆ ಅದು ರನ್ನರ್. ಯಂತ್ರದ ಮೂತಿಯಿಂದ ಪ್ಲಾಸ್ಟಿಕ್ ಒಳಬರುವ ಕೊಳವೆ ಮಾತ್ರ ಸ್ಪ್ರೂ. ಮೂವತ್ತು ವರ್ಷದಿಂದ ತಿದ್ದುತ್ತಿದ್ದೇನೆ, ಯಾರೂ ಕೇಳುವುದಿಲ್ಲ.

ಅಂಟಿನ ವಿಷಯಕ್ಕೆ ಒಂದು ಮಾತು. ಪಾಲಿಸ್ಟೈರೀನಿಗೆ ಹಚ್ಚುವ ದ್ರವ ನಿಜಕ್ಕೂ ಅಂಟಲ್ಲ, ಕರಗಿಸುವ ದ್ರಾವಕ. ಎರಡು ಮೈಗಳನ್ನೂ ಮೆತ್ತಗೆ ಮಾಡಿ, ಒಂದರೊಳಗೊಂದು ಬೆರೆಸಿ, ತಾನು ಆವಿಯಾಗಿ ಹೋಗುತ್ತದೆ. ಬೆಸುಗೆ ಎಂದರೇ ಸರಿ. ಅದಕ್ಕೇ ಬಣ್ಣ ಬಳಿದ ಮೈಗೆ ಅದು ಹಿಡಿಯುವುದಿಲ್ಲ, ಅಂಟಿಸುವ ಅಂಚಿನ ಬಣ್ಣ ಹೆರೆದೇ ಹಚ್ಚಬೇಕು. ಕಿಟಕಿ ತೆರೆದಿಟ್ಟು ಮಾಡಿ. ಪಾರದರ್ಶಕ ಮುಚ್ಚಳಕ್ಕೆ ಸೂಪರ್ ಗ್ಲೂ ಬೇಡವೇ ಬೇಡ, ಅದರ ಆವಿ ಗಾಜಿನ ಮೇಲೆ ಬೂದಿ ಹಿಡಿಸುತ್ತದೆ. ಮಳೆಗಾಲದ ಸಂಜೆ ಲ್ಯಾಕರ್ ಬಣ್ಣ ಸಿಂಪಡಿಸಿದರೂ ಹೀಗೇ. ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಿಳಿಚಿಕೊಳ್ಳುತ್ತದೆ. ಬಿಸಿಲು ಬರುವ ತನಕ ತಡೆಯುವುದು ವಾಸಿ.

ಇದೇ ಕರಗುವ ಗುಣ ನನಗೇ ಒಮ್ಮೆ ಕೈಕೊಟ್ಟಿತು. ಒಂದು ರೇಸ್ ಕಾರು, ತಿಂಗಳುಗಟ್ಟಲೆ ಕೂತು ಮಾಡಿದ್ದು. ಮೂರು ವರ್ಷ ಗಾಜಿನ ಕಪಾಟಿನಲ್ಲಿತ್ತು. ಧೂಳು ಒರೆಸಲೆಂದು ಎತ್ತಿದರೆ ಚಕ್ರ ಕಳಚಿ ಕೈಗೇ ಬಂತು, ರಿಮ್ಮು ಬೆಲ್ಲದ ಹಾಗೆ ಕರಗಿತ್ತು. ಟೈರು ಮೆತ್ತನೆಯ ಪಿವಿಸಿ. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ಪ್ಲಾಸ್ಟಿಸೈಜರ್ ನಿಧಾನವಾಗಿ ಹೊರಜಿನುಗಿ ಪಾಲಿಸ್ಟೈರೀನನ್ನು ತಿನ್ನುತ್ತದೆ. ದಿನಾ ಪಿವಿಸಿ ಮುಟ್ಟುವ ನಾನೇ ಇದನ್ನು ಯೋಚಿಸಿರಲಿಲ್ಲ ಎಂಬುದು ಹೆಚ್ಚು ಚುಚ್ಚಿದ್ದು. ಈಗ ಟೈರು ಹಾಕುವ ಮುನ್ನ ರಿಮ್ಮಿಗೆ ತೆಳುವಾದ ಲೋಹದ ಹಾಳೆ ಸುತ್ತುತ್ತೇನೆ.

ನಾನು ಈ ಹವ್ಯಾಸ ಕಲಿತದ್ದು ಪತ್ರಿಕೆಗಳಿಂದ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಅಪರೂಪಕ್ಕೊಂದು ಸಿಗುತ್ತಿತ್ತು. 1960ರಲ್ಲಿ ಶುರುವಾದ ಏರ್‌ಫಿಕ್ಸ್ ಮ್ಯಾಗಜೀನ್‌ನ ಹಳೆಯ ಸಂಚಿಕೆಗಳಲ್ಲಿ ಒಂದು ಕಿಟ್ಟನ್ನು ಕೊಯ್ದು ಇನ್ನೊಂದು ವಿಮಾನ ಮಾಡುವುದು ಹೇಗೆಂದು ರೇಖಾಚಿತ್ರ ಸಮೇತ ಬರೆಯುತ್ತಿದ್ದರು. ಸಿಗದಿದ್ದನ್ನು ರಟ್ಟು, ಮರ, ಸುಟ್ಟೆಳೆದ ಪ್ಲಾಸ್ಟಿಕ್ ಎಳೆಯಿಂದ ಮಾಡಿಕೊಳ್ಳುವ ಧೈರ್ಯ ಅಲ್ಲಿಂದ ಬಂತು. 1982ರಲ್ಲಿ ಅಮೆರಿಕದಿಂದ ಹೊರಟ ಫೈನ್‌ಸ್ಕೇಲ್ ಮಾಡೆಲರ್ ಬೇರೆ ಜಾತಿ, ಅಲ್ಲಿ ಬಣ್ಣದ ಫೋಟೊಗಳದೇ ದರಬಾರು. ಅವುಗಳಿಂದ ಒಂದು ಕೇಡೂ ಆಯಿತೆಂದು ನನ್ನ ಅನಿಸಿಕೆ. ಅಂಗೈಯಗಲದ ವಿಮಾನವನ್ನು ಪುಟದಗಲ ಹಿಗ್ಗಿಸಿದರೆ ಧೂಳಿನ ಕಣವೂ ಕಲ್ಲಾಗಿ ಕಾಣುತ್ತದೆ. ಓದುಗ ತನ್ನ ಮಾಡೆಲನ್ನು ಮಾಡೆಲಿಗೆ ಹೋಲಿಸುವುದು ಬಿಟ್ಟು ಫೋಟೊಗೆ ಹೋಲಿಸತೊಡಗಿದ.

ಪ್ರದರ್ಶನದಲ್ಲಿ ಕಣ್ಣು ಮತ್ತೆ ಸರಿಹೋಗುತ್ತದೆ. ಒಮ್ಮೆ ಕೆಲಸದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋಗಿದ್ದವನು ರೈಲು ಹತ್ತಿ ಟೆಲ್‌ಫರ್ಡ್‌ಗೆ ಹೋಗಿಬಂದೆ. ಅಲ್ಲಿ ಪ್ರತಿ ನವೆಂಬರಿನಲ್ಲಿ ಸ್ಕೇಲ್ ಮಾಡೆಲ್‌ವರ್ಲ್ಡ್ ನಡೆಯುತ್ತದೆ. ನಡೆಸುವುದು 1963ರಲ್ಲಿ ಹುಟ್ಟಿದ ಐಪಿಎಂಎಸ್ ಎಂಬ ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರ ಸಂಘ. ಪಕ್ಕದಲ್ಲೇ 1779ರಲ್ಲಿ ಎರಕದ ಕಬ್ಬಿಣದಿಂದ ಕಟ್ಟಿದ ಸೇತುವೆಯಿದೆ, ಊರಿಗೂ ಅದರದೇ ಹೆಸರು, ಐರನ್‌ಬ್ರಿಜ್. ಎರಕದವರ ತವರಿನಲ್ಲೇ ಎರಕದ ಆಟಿಕೆಗಳ ಜಾತ್ರೆ. ಕ್ಲಬ್ಬಿಗೊಂದು ಮೇಜು, ಹಿಂದೆ ಥರ್ಮಾಸ್ ಹಿಡಿದ ಹಿರಿಯರು, ಮುಂದೆ ಕೈಕಟ್ಟಿ ಬಗ್ಗಿ ನೋಡುವ ಜನ. ಒಂದು ಮಳಿಗೆಯಲ್ಲಿ ಏರ್‌ಫಿಕ್ಸ್ ಡಬ್ಬಿ ತಿರುಗಿಸಿದರೆ ಬುಡದಲ್ಲಿ ಮೇಡ್ ಇನ್ ಇಂಡಿಯಾ. ಆ ಬ್ರಾಂಡು ಆಟಿಕೆ ರೈಲಿನ ಕಂಪನಿ ಹಾರ್ನ್‌ಬಿಯ ಕೈಸೇರಿದ್ದು 2006ರಲ್ಲಿ, ಆಮೇಲೆ ಹಲವು ವರ್ಷ ಎಷ್ಟೋ ಕಿಟ್‌ಗಳು ನಮ್ಮ ದೇಶದಲ್ಲೇ ಎರಕಗೊಂಡವು. ಪಕ್ಕದಲ್ಲಿದ್ದ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, ಒಡಲಿನ ಹೋಳನ್ನು ಬೆಳಕಿಗೆ ಹಿಡಿದು ಸಿಂಕ್ ಮಾರ್ಕ್ ಹುಡುಕಿದರು. ಸಿಗಲಿಲ್ಲ. ನನಗೇಕೋ ಎದೆ ಅರ್ಧ ಇಂಚು ಉಬ್ಬಿತು, ಆ ಅಚ್ಚಿಗೂ ನನಗೂ ಸಂಬಂಧವೇ ಇಲ್ಲದಿದ್ದರೂ.

ಸ್ಪರ್ಧೆಯ ತೀರ್ಪುಗಾರರು ಟಾರ್ಚು ಹಿಡಿದು ಬರುತ್ತಾರೆ. ಮೊದಲು ನೋಡುವುದು ಅಲಂಕಾರವನ್ನಲ್ಲ. ಹೊಲಿಗೆ ಕಾಣುತ್ತಿದೆಯೇ, ಎದುರಿನಿಂದ ನೋಡಿದರೆ ಎರಡು ರೆಕ್ಕೆಯೂ ಸಮವಾಗಿ ಎದ್ದಿವೆಯೇ, ಡೆಕಲ್ ಎಂಬ ಅಂಟುಚಿತ್ರದ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿಂಚುತ್ತಿದೆಯೇ. ತುಕ್ಕು, ಕೆಸರು, ಹೊಗೆಯ ಕಲೆಗಳ ಬೆಡಗು ಆಮೇಲಿನದು. ಅಂದರೆ ಅವರೂ ಹುಡುಕುವುದು ನಮ್ಮ ಅಚ್ಚಿನ ಗುರುತನ್ನೇ.

ಹುಡುಗ ಇನ್ನೊಂದು ಪ್ರಶ್ನೆ ಕೇಳಿದ್ದ. "ನಮ್ಮ ಬೆಂಗಳೂರಿನದೇ ಯುದ್ಧವಿಮಾನ ಮಾರುತ್ ಇದೆಯಲ್ಲ, ದೊಡ್ಡ ಕಂಪನಿಯವರು ಯಾಕೆ ಕಿಟ್ ಮಾಡಲ್ಲ?" ಉತ್ತರ ದುಡ್ಡಿನದು. ಉಕ್ಕಿನ ಅಚ್ಚಿನ ಖರ್ಚು ಹುಟ್ಟಬೇಕಾದರೆ ಹತ್ತಾರು ಸಾವಿರ ಡಬ್ಬಿ ಹೋಗಬೇಕು. ಮಾರುತ್ ಮಾಡಿದ್ದೇ 147, ಹಾರಿಸಿದ್ದು ಒಂದೇ ದೇಶ. ಅಂಥವು ಸಣ್ಣ ತಯಾರಕರ ಪಾಲಿಗೆ ಬರುತ್ತವೆ. ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ರೆಸಿನ್ ಎಂಬ ಗಟ್ಟಿಯಾಗುವ ದ್ರವ ಹೊಯ್ಯುತ್ತಾರೆ. ಕೆಲವು ಡಜನ್ ಹೊಯ್ಯುವಷ್ಟರಲ್ಲಿ ಅಚ್ಚು ಹರಿದು ಹಾಳಾಗುತ್ತದೆ. ಬೆಲೆ ಹೆಚ್ಚು, ಗುಳ್ಳೆ ಹೆಚ್ಚು, ತೀಡುವ ಧೂಳು ಎದೆಗೆ ಕೆಟ್ಟದ್ದು. ಮಾಸ್ಕ್ ಹಾಕಿ ನೀರಲ್ಲೇ ತೀಡಿ.

ಮಾರುತ್‌ಗೆ ಎಲ್ಲಕ್ಕಿಂತ ದೊಡ್ಡ ಮಾಡೆಲ್ ಆಗಿದ್ದದ್ದು ನಮ್ಮೂರಲ್ಲೇ. ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ತಂಡ ಎಚ್‌ಎಎಲ್‌ನಲ್ಲಿ ಮೊದಲು ನಿಜದಷ್ಟೇ ದೊಡ್ಡದಾದ ಮರದ ಗ್ಲೈಡರ್ ಕಟ್ಟಿತು. 1959ರಲ್ಲಿ ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದೊಯ್ದು ಆಕಾಶದಲ್ಲಿ ಬಿಟ್ಟಿತು. ಎಂಜಿನ್ನಿನ ಮಾರುತ್ ಹಾರಿದ್ದು 1961ರ ಜೂನ್ 17ರಂದು. ಮಾಡೆಲ್ ಮಕ್ಕಳಾಟ ಎನ್ನುವ ನೆಂಟರಿಗೆ ನಾನು ಹೇಳುವುದು ಇದೊಂದನ್ನೇ, ಅಳತೆ 1/1.

ಕಳೆದ ಭಾನುವಾರ ಅವನನ್ನು ಎಚ್‌ಎಎಲ್ ಮ್ಯೂಸಿಯಮ್ಮಿಗೆ ಕರೆದೊಯ್ದಿದ್ದೆ. ಮಾರುತ್ ಮುಂದೆ ಹತ್ತಡಿ ದೂರದಲ್ಲಿ ನಿಂತು ಬಹಳ ಹೊತ್ತು ನೋಡಿದ.

"ಗೆರೆ ಎಲ್ಲಿ ಮಾವ?"

"ಇದೆ, ಹುಡುಕು."

ಮನೆಗೆ ಬಂದವನು ಸ್ಪಿಟ್‌ಫೈರಿನ ಉಬ್ಬುಗೆರೆಗಳನ್ನು 800 ನಂಬರಿನ ಮರಳುಕಾಗದದಲ್ಲಿ ನೀರು ಹಾಕಿ ತೀಡಿದ, ಕಂಡೂ ಕಾಣದಷ್ಟು ಉಳಿಯುವ ಹಾಗೆ. ಒಡಲಿನ ಹೋಳು ಅಂಟಿಸಿಯಾಗಿದೆ. ಬೆನ್ನಿನ ಹೊಲಿಗೆ ಟಾರ್ಚಿಗೆ ಇನ್ನೂ ಕಾಣುತ್ತಿದೆಯೆಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಪುಟ್ಟಿ ಎರಡನೇ ಸಲ ಹಚ್ಚಲೋ ಬೇಡವೋ ಎಂದು ಕೇಳಿದ.