ಅಡಿಕೆ ತೋಟದ ನಾಡಿನಲ್ಲಿ ಗಾಳಿ ವಿದ್ಯುತ್ತಿನ ಲೆಕ್ಕ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕೃಷಿಕರು ಸೇರಿದಲ್ಲಿ ವಿದ್ಯುತ್ತಿನ ಮಾತು ಬಂದರೆ ಹಲವು ಸಂಗತಿಗಳು ಒಟ್ಟಿಗೆ ತೊಡರಿಕೊಳ್ಳುತ್ತವೆ. ಛಾವಣಿಯ ಸೌರಫಲಕಕ್ಕೆ ಸಿಗುವ ಸಹಾಯಧನ, ಉಡುಪಿಯಿಂದ ಕಾಸರಗೋಡಿಗೆ ಬರಬೇಕಾದ 400 ಕೆ.ವಿ. ಮಾರ್ಗದಿಂದ ತೋಟಗಳಿಗಾಗುವ ನಷ್ಟ, ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಹೋಗುವ ಕರೆಂಟು, ಇವೆಲ್ಲವನ್ನೂ ಮಾತಾಡಿ ಮುಗಿಸುವಷ್ಟರಲ್ಲಿ ಯಾರಾದರೊಬ್ಬರು ಕೇಳುತ್ತಾರೆ: ಗುಡ್ಡೆಯ ಮೇಲೆ ಇಷ್ಟು ಗಾಳಿ ಬೀಸುತ್ತಿರುವಾಗ ಮನೆಗೊಂದು ಚಿಕ್ಕ ಗಾಳಿಯಂತ್ರವನ್ನು ನಿಲ್ಲಿಸಿದರೆ ಸಾಲದೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಗಾಳಿಯಿಂದ ವಿದ್ಯುತ್ ತೆಗೆಯುವ ಕೆಲಸ ಆರಂಭವಾದದ್ದೇ ಚಿಕ್ಕ ಯಂತ್ರಗಳಿಂದ. 1887ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ತನ್ನ ಮನೆಯ ದೀಪಗಳನ್ನು ಹೀಗೆ ಉರಿಸಿದ; 1891ರಲ್ಲಿ ಡೆನ್ಮಾರ್ಕಿನ ಪೌಲ್ ಲಾ ಕೂರ್ ಪ್ರಯೋಗ ಆರಂಭಿಸಿದ; ಅಮೆರಿಕದ ಬಯಲುಸೀಮೆಯ ಹೊಲಮನೆಗಳು ಸರಕಾರಿ ತಂತಿ ತಲಪುವವರೆಗೂ ಇಂಥ ಯಂತ್ರಗಳನ್ನೇ ನಂಬಿದ್ದವು. ಭಾರತದಲ್ಲಿ 1960ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು (ಎನ್‌ಎಎಲ್) ನೀರೆತ್ತುವ ಗಾಳಿಯಂತ್ರವನ್ನು ರೂಪಿಸಿತು. 1973ರ ತೈಲ ಬಿಕ್ಕಟ್ಟಿನ ಬಳಿಕ ಸರಕಾರದ ಗಮನ ಇತ್ತ ಹೊರಳಿ, 1982ರಲ್ಲಿ ಕೇಂದ್ರದಲ್ಲಿ ಅಸಾಂಪ್ರದಾಯಿಕ ಇಂಧನಕ್ಕೆ ಪ್ರತ್ಯೇಕ ಇಲಾಖೆಯೇ ಆಯಿತು. ಅಲ್ಲಿಂದ ಮುಂದೆ ತಮಿಳುನಾಡಿನ ಮುಪ್ಪಂದಲ್‌ನಂಥ ಕಣಿವೆಬಾಯಿಗಳಲ್ಲಿ ದೊಡ್ಡ ಗೋಪುರಗಳು ಸಾಲುಗಟ್ಟಿದವು. ಕೇರಳದಲ್ಲಿ ಪಾಲಕ್ಕಾಡು ಕಣಿವೆಯ ಕಂಜಿಕ್ಕೋಡಿನಲ್ಲಿ 225 ಕಿಲೊವ್ಯಾಟ್‌ನ ಒಂಬತ್ತು ಯಂತ್ರಗಳು ನಿಂತವು. ಮನೆಮಟ್ಟದ ಗಾಳಿಯಂತ್ರಕ್ಕೂ ಗಾಳಿ-ಸೌರ ಜೋಡಿಗೂ 1990ರ ದಶಕದಿಂದ ಕೇಂದ್ರದ ನೆರವು ಇತ್ತಾದರೂ ಅದರ ಬಹುಪಾಲು ಮಹಾರಾಷ್ಟ್ರದಲ್ಲಿ ಬಳಕೆಯಾಯಿತು.

ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಕೇರಳದ ಬದಲಿ ಇಂಧನ ಸಂಸ್ಥೆಯಾದ ಅನೆರ್ಟ್ ಹುಟ್ಟಿದ್ದು 1986ರಲ್ಲಿ. ಆ ಹೊತ್ತಿಗೆ ಇಲ್ಲಿನ ತೋಟದ ಮನೆಗಳಲ್ಲಿ ಹಸಿರು ಇಂಧನವೆಂದರೆ ಗೋಬರ್ ಗ್ಯಾಸ್ ಆಗಿತ್ತು. 1981ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯ ಸಹಾಯಧನದಿಂದ ದನದ ಹಟ್ಟಿಯ ಪಕ್ಕದಲ್ಲಿ ಅದರ ಗುಂಡಿ ಬಂತು. ಬೆಳಗ್ಗೆ ಸೆಗಣಿಗೆ ಸಮನಾಗಿ ನೀರು ಬೆರೆಸಿ, ಗಂಟುಗಳನ್ನು ಕೈಯಿಂದಲೇ ಒಡೆದು, ಹುಲ್ಲುಕಡ್ಡಿಗಳನ್ನು ಹೆಕ್ಕಿ ಬಿಸಾಡಿ ತೊಟ್ಟಿಗೆ ಬಿಡಬೇಕು. ಇನ್ನೊಂದು ಬದಿಯಿಂದ ಹೊರಬರುವ ಬಗ್ಗಡವನ್ನು ಅಡಿಕೆ ಬುಡಕ್ಕೆ ಹರಿಸಬೇಕು. ಗ್ಯಾಸ್ ತುಂಬಿಕೊಳ್ಳುವ ಕಬ್ಬಿಣದ ಡ್ರಮ್ಮು ತುಕ್ಕು ಹಿಡಿಯುವುದರಿಂದ ಬಣ್ಣ ಬಳಿಯುತ್ತಿರಬೇಕು. ಮಳೆಗಾಲದ ಥಂಡಿಗೆ ಗ್ಯಾಸ್ ಕಡಿಮೆಯಾದಾಗ ಸೌದೆಯ ಒಲೆಯೂ ಉರಿಯಬೇಕು. ಇಷ್ಟೆಲ್ಲ ಕೆಲಸವಿದ್ದೂ ಅದು ಉಳಿದುಕೊಂಡದ್ದಕ್ಕೆ ಕಾರಣ, ಕಚ್ಚಾವಸ್ತು ಹಟ್ಟಿಯಲ್ಲೇ ಇತ್ತು, ಕೆಟ್ಟರೆ ಸರಿಮಾಡುವ ಕೈ ಊರಿನಲ್ಲೇ ಇತ್ತು.

ನೀರಿನ ವಿಷಯದಲ್ಲಂತೂ ಈ ನಾಡು ವಿದ್ಯುತ್ತನ್ನೇ ಕೇಳಿರಲಿಲ್ಲ. ಜಂಬಿಟ್ಟಿಗೆ ಗುಡ್ಡೆಯ ಹೊಟ್ಟೆಗೆ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಇಳಿದುಬಂದು, ಅಡಿಕೆ ಮರದ ದಂಬೆಯಲ್ಲಿ ಹರಿದು, ಕೆರೆಗೋ ಟಾಂಕಿಗೋ ಸೇರುತ್ತಿತ್ತು. ಬಾಯಾರು, ಎಣ್ಮಕಜೆ ಕಡೆಗಳಲ್ಲಿ ಇಂದಿಗೂ ಸುರಂಗದ ನೀರನ್ನೇ ಕುಡಿಯುವ ಮನೆಗಳಿವೆ. ಕೊಳವೆಬಾವಿ ಬಂದ ಮೇಲೆ ನೂರಾರು ಅಡಿ ಆಳದಿಂದ ನೀರೆತ್ತಲು ಮೋಟಾರು ಬೇಕಾಯಿತು. ಮೋಟಾರಿಗೆ ಕರೆಂಟು ಬೇಕಾಯಿತು. ಒಂದು ಮನೆಯ ಬಾವಿ ಆಳವಾದಂತೆ ನೆರೆಮನೆಯದೂ ಆಳವಾಗಬೇಕಾಯಿತು. ಇಂದು ನಾವು ಗಾಳಿಯಿಂದ ತುಂಬಿಸಿಕೊಳ್ಳಲು ನೋಡುತ್ತಿರುವ ವಿದ್ಯುತ್ತಿನ ಕೊರತೆಯ ಒಂದು ಭಾಗ ಹುಟ್ಟಿದ್ದು ಇಲ್ಲಿ. ಹಸುಗಳು ಕಡಿಮೆಯಾಗಿ, ಆಳುಗಳು ಸಿಗದೆ, ಸಿಲಿಂಡರು ಸುಲಭವಾದಾಗ ಎಷ್ಟೋ ಕಡೆ ಗೋಬರ್ ಗ್ಯಾಸಿನ ಗುಂಡಿಗೂ ಮಣ್ಣು ಬಿತ್ತು.

ಇನ್ನು ಗಾಳಿಯಂತ್ರದ ಲೆಕ್ಕ. ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುತ್ತದೆ, ಅಂದರೆ ವೇಗ ಅರ್ಧಕ್ಕೆ ಇಳಿದರೆ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ ಎರಡು ಮೀಟರ್ ಇರುವ ಯಂತ್ರದ ಮೇಲೆ 1 ಕಿಲೊವ್ಯಾಟ್ ಎಂದು ಬರೆದಿದ್ದರೆ, ಅದು ಸೆಕೆಂಡಿಗೆ 12 ಮೀಟರ್, ಎಂದರೆ ಗಂಟೆಗೆ 43 ಕಿಲೊಮೀಟರ್ ವೇಗದ ಗಾಳಿಗೆ ಹೇಳಿದ ಮಾತು. ಅದೇ ಯಂತ್ರ ಸೆಕೆಂಡಿಗೆ 6 ಮೀಟರ್ ಗಾಳಿಯಲ್ಲಿ ಸುಮಾರು 125 ವ್ಯಾಟ್, 3 ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 15 ವ್ಯಾಟ್ ಕೊಡುತ್ತದೆ. ಎರಡು ಎಲ್‌ಇಡಿ ಬಲ್ಬುಗಳಿಗೆ ಅದು ಸರಿ, ಪಂಪಿಗೆ ಏನೂ ಅಲ್ಲ. ಎಲೆಗಳು ಅಲ್ಲಾಡುವಷ್ಟು, ಮೈಗೆ ಹಿತವೆನಿಸುವಷ್ಟು ಗಾಳಿಯೆಂದರೆ ಬಹುಮಟ್ಟಿಗೆ ಈ ಕೊನೆಯ ಲೆಕ್ಕದ ಗಾಳಿಯೇ. ಕೊಳ್ಳುವವರಿಗೆ ಈ ಮಾತನ್ನು ಮೊದಲೇ ಬಿಡಿಸಿ ಹೇಳುವ ಪದ್ಧತಿ ಬೆಳೆಯಲಿಲ್ಲ ಎಂಬುದು ಬೇಸರದ ಸಂಗತಿ.

ಅದರ ಮೇಲೆ ನಮ್ಮ ಮರಗಳ ಎತ್ತರ. ರೆಕ್ಕೆಗಳು ಸುತ್ತಲಿನ ಮರ, ಮನೆಗಳಿಗಿಂತ ಕನಿಷ್ಠ 30 ಅಡಿ ಮೇಲಿರಬೇಕೆಂಬುದು ಈ ಕೆಲಸದಲ್ಲಿ ಎಲ್ಲರೂ ಒಪ್ಪಿದ ನಿಯಮ. ಇಲ್ಲವಾದರೆ ಗಾಳಿ ಸುಳಿಸುಳಿಯಾಗಿ ಬಂದು ವಿದ್ಯುತ್ತಿಗಿಂತ ಬೇರಿಂಗಿನ ಸವೆತವನ್ನೇ ಹೆಚ್ಚು ಕೊಡುತ್ತದೆ. 50 ಅಡಿಯ ಅಡಿಕೆ ಮರಗಳ ನಡುವಿನ ಮನೆಗೆ ಈ ಲೆಕ್ಕದಲ್ಲಿ 80 ಅಡಿಯ ಕಂಬ ಬೇಕು, ತೆಂಗಿದ್ದರೆ ಇನ್ನೂ ಹೆಚ್ಚು. ಎಷ್ಟೋ ಕಡೆ ಯಂತ್ರಕ್ಕಿಂತ ಕಂಬಕ್ಕೇ ಖರ್ಚು ಹೆಚ್ಚಾಗುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು, ಕಡಲತೀರದ ಉಪ್ಪುಗಾಳಿ, ಕೆಲವೇ ವರ್ಷಗಳಿಗೊಮ್ಮೆ ಬದಲಿಸಬೇಕಾದ ಬ್ಯಾಟರಿ, ಇವೂ ಸೇರಿಕೊಳ್ಳುತ್ತವೆ.

ಈ ನಡುವೆ ಸೌರಫಲಕದ ಬೆಲೆ ಇಳಿಯಿತು. 1 ಕಿಲೊವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅದರಲ್ಲಿ ತಿರುಗುವ ಭಾಗವೇ ಇಲ್ಲ. 2024ರ ಫೆಬ್ರವರಿಯಲ್ಲಿ ಘೋಷಣೆಯಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೊವ್ಯಾಟ್‌ಗೆ 78,000 ರೂಪಾಯಿವರೆಗೆ ನೆರವಿದೆ, ಗಾಳಿಯಂತ್ರಕ್ಕೆ ಆ ಯೋಜನೆಯಲ್ಲಿ ಜಾಗವಿಲ್ಲ. ಗಡಿಯ ಕನ್ನಡಿಗನಿಗೆ ಇಲ್ಲೊಂದು ತೊಡಕು ಹೆಚ್ಚು. ಮಂಗಳೂರಿನಿಂದ ಬರುವ ಪತ್ರಿಕೆಯಲ್ಲಿ ಓದಿದ ಕರ್ನಾಟಕದ ವಿದ್ಯುತ್ ನಿಯಮ ಅವನ ಮೀಟರಿಗೆ ಅನ್ವಯಿಸುವುದಿಲ್ಲ. ಅನ್ವಯಿಸುವ ಕೇರಳದ ಸುತ್ತೋಲೆ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ಭಾಷಾ ಅಲ್ಪಸಂಖ್ಯಾತರಿಗೆ ಇಂಥ ಮಾಹಿತಿ ಕನ್ನಡದಲ್ಲೂ ಮನೆ ಮುಟ್ಟಬೇಕೆಂಬುದು ಹಳೆಯ ಬೇಡಿಕೆ, ಅದು ಇಂಧನದ ವಿಷಯಕ್ಕೂ ಸಲ್ಲುತ್ತದೆ.

ಹಾಗೆಂದು ಗಾಳಿಯ ಬಾಗಿಲು ಪೂರ್ತಿ ಮುಚ್ಚಿಲ್ಲ. ಜೂನ್, ಜುಲೈಗಳಲ್ಲಿ ಮೋಡ ಕವಿದು ಸೌರಫಲಕ ಬಳಲುವಾಗಲೇ ನೈಋತ್ಯದ ಗಾಳಿ ಬಲವಾಗಿರುತ್ತದೆ. ಕರೆಂಟು ಕೈಕೊಡುವುದೂ ಆಗಲೇ. ಪೊಸಡಿಗುಂಪೆಯಂಥ ಬೋಳು ಗುಡ್ಡೆಗಳ ನೆತ್ತಿ, ಮರವಿಲ್ಲದ ಪದವುಗಳು (ಗುಡ್ಡೆಯ ಮೇಲಿನ ಬಯಲುಗಳು), ಮಂಜೇಶ್ವರ ಕುಂಬಳೆಗಳ ಕಡಲಂಚು, ಇಂಥಲ್ಲಿ ಒಂದು ಶಾಲೆಗೋ ಕುಡಿಯುವ ನೀರಿನ ಪಂಪಿಗೋ ಸೌರಫಲಕದ ಜೊತೆ ಗಾಳಿಯಂತ್ರವನ್ನು ಜೋಡಿಸುವುದು ಯೋಚಿಸತಕ್ಕ ಮಾತು. ಆದರೆ ಯಂತ್ರಕ್ಕೆ ಮುಂಗಡ ಕೊಡುವ ಮೊದಲು, ಯಂತ್ರ ನಿಲ್ಲಬೇಕಾದ ಎತ್ತರದಲ್ಲೇ ಗಾಳಿಮಾಪಕವನ್ನು ಕಟ್ಟಿ ಜೂನ್‌ನಿಂದ ಮುಂದಿನ ಮೇ ತಿಂಗಳವರೆಗೆ ವೇಗವನ್ನು ದಾಖಲಿಸಬೇಕು. ಇದು ಒಂದೊಂದು ಮನೆಯವರು ಪ್ರತ್ಯೇಕವಾಗಿ ಮಾಡುವ ಕೆಲಸವಲ್ಲ; ಪಂಚಾಯತೋ ಸಹಕಾರಿ ಸಂಘವೋ ಒಂದು ಪದವಿನಲ್ಲಿ ಮಾಡಿ ಅಂಕಿಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಪ್ರಕಟಿಸಿದರೆ, ಸುತ್ತಲಿನ ಹತ್ತಾರು ಮನೆಗಳು ದುಡ್ಡು ಹಾಕುವ ಮೊದಲು ತಮ್ಮ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು.