ಪ್ಯಾಶನ್: ಮೊದಲು ನರಳಾಟ, ಆಮೇಲೆ ಆಸೆ

ಮೊನ್ನೆ ಒಂದು ಬಯೋಡೇಟಾ ಕೈಗೆ ಬಂತು. ‘ಎಕ್ಸೆಲ್ ಶೀಟ್ ಮಾಡುವುದು ನನ್ನ ಪ್ಯಾಶನ್’ ಅಂತ ಇತ್ತು. ಅದರ ಕೆಳಗೇ ಟ್ರಾವೆಲಿಂಗ್ ಪ್ಯಾಶನ್, ಕುಕಿಂಗ್ ಪ್ಯಾಶನ್. ಇಷ್ಟೆಲ್ಲ ಇಟ್ಟುಕೊಂಡು ಹುಡುಗ ನಿದ್ದೆ ಯಾವಾಗ ಮಾಡುತ್ತಾನೋ! (ಇದನ್ನು ‘ಫ್ಯಾಶನ್’ ಅಂತ ಬರೆಯುವವರೂ ಇದ್ದಾರೆ. ಅದು ಬೇರೆಯೇ ಪದ, ಬಿಡಿ.)

ಪ್ಯಾಶನ್‌ನ ಬೇರು ಲ್ಯಾಟಿನ್‌ನ ‘ಪತೀ’. ಗಂಡನಿಗೂ ಇದಕ್ಕೂ ಸಂಬಂಧ ಇಲ್ಲ. ನರಳು, ಸಹಿಸು ಅಂತ ಅರ್ಥ. ಆಸ್ಪತ್ರೆಯ ಪೇಷೆಂಟ್ ಹುಟ್ಟಿದ್ದೂ ಇದೇ ಬೇರಿನಿಂದ. ಇಂಗ್ಲಿಷಿಗೆ ಬಂದಾಗ ಪ್ಯಾಶನ್ ಅಂದರೆ ಶಿಲುಬೆಯ ಮೇಲೆ ಏಸು ಪಟ್ಟ ಯಾತನೆ. ಆಮೇಲೆ ಮನುಷ್ಯನನ್ನು ಆಡಿಸುವ ಯಾವುದೇ ಭಾವಕ್ಕೂ ಆ ಹೆಸರು ಬಂತು. ಸಿಟ್ಟು, ದುಃಖ, ಕಾಮ, ಎಲ್ಲಕ್ಕೂ. ಹವ್ಯಾಸದ ಗೀಳು ಬಂದದ್ದು ಕೊನೆಗೆ.

ನನಗೆ ಜಾಸ್ತಿ ರೇಗುವುದು ಪ್ಯಾಶನ್ ಫ್ರೂಟ್ ವಿಷಯದಲ್ಲಿ. ಕೊಡಗಿಗೆ ಹೋದವರೆಲ್ಲ ಅದರ ಜ್ಯೂಸ್ ಬಾಟಲಿ ತರುತ್ತಾರೆ, ಜೊತೆಗೆ ‘ಪ್ರೇಮದ ಹಣ್ಣಂತೆ’ ಅಂತ ಕಣ್ಣು ಮಿಟುಕಿಸುತ್ತಾರೆ. ಅಲ್ಲ ಸ್ವಾಮಿ, ಹೆಸರು ಮೊದಲು ಬಂದದ್ದು ಹೂವಿಗೆ. ಆ ಬಳ್ಳಿಯ ತವರು ದಕ್ಷಿಣ ಅಮೆರಿಕ. ಅಲ್ಲಿಗೆ ಹೋದ ಸ್ಪೇನಿನ ಪಾದ್ರಿಗಳಿಗೆ ಹೂವಿನೊಳಗೆ ಶಿಲುಬೆಯ ಕತೆಯೇ ಕಂಡಿತು. ಹೂವನ್ನು ಹತ್ತಿರದಿಂದ ನೋಡಿ. ನಡುವೆ ನೆಟ್ಟಗೆ ನಿಂತ ಮೂರು ಶಲಾಕಾಗ್ರ (ಹೂವಿನ ಹೆಣ್ಣು ಭಾಗದ ತುದಿ), ಅವು ಮೂರು ಮೊಳೆ. ಅದರ ಕೆಳಗೆ ಐದು ಕೇಸರ, ಐದು ಗಾಯ. ಸುತ್ತ ನೂಲಿನಂಥ ಎಳೆಗಳ ಬಳೆ, ಮುಳ್ಳಿನ ಕಿರೀಟ. ಎಸಳು, ಅದರ ಹೊರಗಿನ ಪುಷ್ಪಪತ್ರ ಸೇರಿ ಹತ್ತು. ಶಿಷ್ಯರು ಹನ್ನೆರಡು ಅಲ್ವಾ? ದ್ರೋಹ ಬಗೆದ ಯೂದನನ್ನೂ ಗುರುವನ್ನೇ ಗೊತ್ತಿಲ್ಲ ಎಂದ ಪೇತ್ರನನ್ನೂ ಬಿಟ್ಟು ಲೆಕ್ಕ ಸರಿಮಾಡಿಕೊಂಡರು! 1753ರಲ್ಲಿ ಗಿಡಗಳಿಗೆ ಲ್ಯಾಟಿನ್ ಹೆಸರಿಟ್ಟ ಸಸ್ಯವಿಜ್ಞಾನಿ ಲಿನೇಯಸ್ ಕೂಡ ‘ಪ್ಯಾಸಿಫ್ಲೋರ’ ಅಂತಲೇ ಬರೆದ. ಇದರಲ್ಲಿ ಪ್ರೇಮ ಎಲ್ಲಿ ಬಂತು?

ಹಾಗಂತ ಇವತ್ತಿನ ಅರ್ಥ ತಪ್ಪು ಅನ್ನುತ್ತಿಲ್ಲ. ಸುಮ್ನೆ ಇಷ್ಟ ಅನ್ನುವ ಕಡೆ ಅದನ್ನು ತುರುಕಬೇಡಿ, ಅಷ್ಟೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ‘ಆಸಕ್ತಿ’ ಅಲ್ಲ, ‘ಹುಚ್ಚು’. ಯಕ್ಷಗಾನದ ಹುಚ್ಚಿನವರನ್ನು ನೋಡಿ. ರಾತ್ರಿಯಿಡೀ ಆಟ ನೋಡಿ, ಬೆಳಿಗ್ಗೆ ಕೆಂಪು ಕಣ್ಣಲ್ಲೇ ಕೆಲಸಕ್ಕೆ ಹಾಜರು. ಸಂಜೆಗೆ ಮುಂದಿನ ಊರಿನ ಬಸ್ಸು. ಹುಚ್ಚನ್ನು ನಾವು ಹಿಡಿಯುವುದಿಲ್ಲ, ಅದು ನಮ್ಮನ್ನು ಹಿಡಿಯುತ್ತದೆ. ಲ್ಯಾಟಿನ್‌ನವರು ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ.

ಎಕ್ಸೆಲ್‌ಗೆ ‘ಚೆನ್ನಾಗಿ ಬರುತ್ತದೆ’ ಅಂತ ಬರೆದರೆ ಸಾಕು. ಕೆಲಸ ಕೊಡುವವರಿಗೂ ಬೇಕಿರುವುದು ಅದೇ.